ಸದ್ದಿಲ್ಲದ ಪೆಟ್ಟಿಗೆ

ದ್ರೆನೊವ್‌ಗ್ರಾದ್
14 ಮಾರ್ಚ್ 2019

ನೆವೆನಾ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿಯೂ ಇದನ್ನು ಒಲೆಗೆ ಹಾಕದೆ ಬಿಡಿಸಿದ್ದೀಯಾದರೆ ಅದೇ ದೊಡ್ಡದು. ಇಪ್ಪತ್ತಾರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ. ಬುರ್ಗಾಸಿನ ನಿನ್ನ ವಿಳಾಸವನ್ನು ನಿನ್ನ ತಮ್ಮನಿಂದ ಕಾಡಿ ಬೇಡಿ ತೆಗೆದುಕೊಂಡೆ. ಫೋನ್ ನಂಬರ್ ಮಾತ್ರ ಕೊಡಲಿಲ್ಲ. "ನಿನ್ನ ದನಿ ಕೇಳಿದ್ರೆ ಇಟ್ಟುಬಿಡ್ತಾಳೆ. ಕಾಗದ ಆದ್ರೆ ಬೈಕೊಂಡಾದ್ರೂ ಓದ್ತಾಳೆ" ಅಂದ.

ವಿಷಯಕ್ಕೆ ಬರುತ್ತೇನೆ. ಎರಡು ದಿನವಾಯಿತು, ನನಗೆ ಅನ್ನ ನೀರು ಸೇರುತ್ತಿಲ್ಲ.

ಗ್ರಂಥಾಲಯದಲ್ಲಿ ಹಳೆಯ ಪೆಟ್ಟಿಗೆಗಳನ್ನೆಲ್ಲ ತೆಗೆದು ಹೊಸದು ಮಾಡಿಸುತ್ತಿದ್ದಾರೆ. ನಾವು ಬಳಸುತ್ತಿದ್ದ ರಟ್ಟಿನಲ್ಲಿ ಆಮ್ಲ ಇತ್ತಂತೆ, ಕಾಪಾಡಬೇಕಾದ ಪುಸ್ತಕವನ್ನೇ ಅದು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದಂತೆ. ನಿವೃತ್ತಳಾಗಿ ಮನೆಯಲ್ಲಿ ಮೆಣಸಿನಕಾಯಿ ಸುಡುತ್ತ ಕೂತಿದ್ದ ನನ್ನನ್ನು ಹೊಸ ಹುಡುಗಿಯರಿಗೆ ಕೆಲಸ ಕಲಿಸು ಎಂದು ಕರೆದರು. ಮೊನ್ನೆ ಮಂಗಳವಾರ, ಈಗಿನ ಮುಖ್ಯಸ್ಥೆ ಬಿಲ್ಯಾನಾ ಕಬ್ಬಿಣದ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. ಹನ್ನೆರಡು ತಿಂಗಳ ಪುಸ್ತಕ. ಹೌದು, ಅದೇ. ತಿಂಗಳಿಗೊಂದರಂತೆ ಚರ್ಮದ ಮೇಲೆ ಕೈಯಲ್ಲಿ ಬರೆದ ಹನ್ನೆರಡು ಚಿತ್ರದ ಹಾಳೆ ಇದ್ದದ್ದು, ಆ ಹನ್ನೆರಡೂ ಮಾಯವಾದದ್ದು, ಅದಕ್ಕಾಗಿ ನಿನ್ನ ಕೆಲಸವೂ ಮಾನವೂ ಹೋದದ್ದು. ವಿಚಾರಣೆ ಮುಗಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನು ಮಾಡಿದ್ದ ಪೆಟ್ಟಿಗೆ ಮಾತ್ರ ಕಾರ್ಯಾಗಾರದ ಅಟ್ಟದಲ್ಲಿ ಖಾಲಿ ಬಿದ್ದಿತ್ತು.

"ಹೊಸದಕ್ಕೆ ಅಳತೆ ತಗೊಳೋ ಮುಂಚೆ ಹಳೇದ್ರಲ್ಲಿ ಹೇಗೆ ಕೂರುತ್ತೆ ಅಂತ ನೋಡ್ಬೇಕು" ಅಂತ ಹುಡುಗಿಯರಿಗೆ ಹೇಳಿ, ಪುಸ್ತಕವನ್ನು ಪೆಟ್ಟಿಗೆಯೊಳಗೆ ಇಳಿಸಿದೆ. ಮುಚ್ಚಿದೆ. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಕಾರ್ಯಾಗಾರದ ಹಿರಿಯ ಲಾಜರ್ ಮೇಸ್ತ್ರಿ ನಮಗೆ ಕಲಿಸಿದ್ದು ನೆನಪಿದೆಯಲ್ಲ? ಒಳ್ಳೆಯ ಪೆಟ್ಟಿಗೆ ಮಾತಾಡಬಾರದು.

ಸದ್ದೇ ಇಲ್ಲ. ಅಷ್ಟು ಬಿಗಿಯಾಗಿ ಕೂತಿತ್ತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅಲ್ಲೇ ಕೂತುಬಿಟ್ಟೆ.

ಯಾಕೆಂದು ಹೇಳುತ್ತೇನೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. 1991ರ ಮಾರ್ಚಿನಲ್ಲಿ ಆ ಪೆಟ್ಟಿಗೆ ಮಾಡಿದಾಗ ಹನ್ನೆರಡು ಹಾಳೆಯೂ ಇದ್ದವು, ಎಣಿಸಿದವರು ನಾನು ನೀನು ಇಬ್ಬರೂ. ಅಕ್ಟೋಬರಿನ ತಪಾಸಣೆಯಲ್ಲಿ ಅಲ್ಲಾಡಿಸಿದರೆ ಒಳಗೆ ಟಕ್ ಟಕ್ ಎಂದಿತು. ನಾಲ್ಕು ಮಿಲಿಮೀಟರ್ ಸಡಿಲ. ನಾನೇ ಅಳತೆ ತಪ್ಪಿದೆ ಎಂದುಕೊಂಡು ನಾಚಿಕೆಯಿಂದ ಸತ್ತುಹೋದೆ. ಅಷ್ಟೇ ದಪ್ಪದ ಹಸಿರು ಉಣ್ಣೆಬಟ್ಟೆಯನ್ನು ಒಳಗೆ ಅಂಟಿಸಿ ಬಿಗಿ ಮಾಡಿದೆ.

ಈಗ ಯೋಚಿಸು. ಹಾಳೆಗಳು ಹೋದದ್ದು ಅದಾದ ಮೇಲೆ, ಕಪಾಟಿನ ಕೀಲಿ ನಿನ್ನ ಕೈಯಲ್ಲಿದ್ದಾಗ ಎಂದು ಎಲ್ಲರೂ ಹೇಳಿದರು. ಹಾಗಿದ್ದರೆ ಪುಸ್ತಕ ಇನ್ನಷ್ಟು ತೆಳುವಾಗಿ, ಬಟ್ಟೆ ಹಾಕಿದ ಪೆಟ್ಟಿಗೆಯಲ್ಲೂ ಇವತ್ತು ಸದ್ದು ಮಾಡಬೇಕಿತ್ತು. ಮಾಡಲಿಲ್ಲ. ಅಂದರೆ ನಾನು ಬಟ್ಟೆ ಅಂಟಿಸಿದ ದಿನವೇ ಹಾಳೆಗಳು ಇರಲಿಲ್ಲ. ನನ್ನ ಅಳತೆ ಸರಿಯಾಗಿಯೇ ಇತ್ತು. ಕಳ್ಳ ತೋಡಿದ್ದ ಗುಂಡಿಯನ್ನು ನಾನು ಕೈಯಾರೆ ಮುಚ್ಚಿಕೊಟ್ಟೆ.

ಬಟ್ಟೆಯ ಒಂದು ಮೂಲೆ ಬಿಡಿಸಿ ನೋಡಿದೆ. ಅಂಟಿಸುವ ಮುಂಚೆ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯುವುದು ನನ್ನ ಹಳೆಯ ಅಭ್ಯಾಸ. 9-10-91.

ಅದೇ ವರ್ಷ ನಿನ್ನನ್ನು ಕೆಮ್ಮಿನ ಆಸ್ಪತ್ರೆಗೆ ಬಸ್ಸು ಹತ್ತಿಸಿದವಳು ನಾನೇ. ಆದರೆ ಈಗ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಹೋದ ತಾರೀಖು, ಬಂದ ತಾರೀಖು, ಎರಡನ್ನೂ ಬರೆದು ಕಳಿಸು. ಬೇರೇನೂ ಬರೆಯದಿದ್ದರೂ ಸರಿ.

ರಾದ್ಕಾ


ಬುರ್ಗಾಸ್
25 ಮಾರ್ಚ್ 2019

ರಾದ್ಕಾ,

ಹೋದದ್ದು 1991 ಮಾರ್ಚ್ 19. ಬಂದದ್ದು ಅಕ್ಟೋಬರ್ 31. ಆಸ್ಪತ್ರೆಯ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಕಪಾಟಿನ ಕೀಲಿ ನನ್ನ ಕೈಗೆ ವಾಪಸು ಬಂದದ್ದು ನವೆಂಬರ್ 1ಕ್ಕೆ.

ನಿನ್ನ ಮಗಳು ಇಸ್ಕ್ರಾ ಹೇಗಿದ್ದಾಳೆ? ಅವಳ ಎದೆ?

ನೆವೆನಾ ದ್ರಾಗೊಯೆವಾ


ದ್ರೆನೊವ್‌ಗ್ರಾದ್
3 ಏಪ್ರಿಲ್ 2019

ನೆವೆನಾ,

ಮನೆತನದ ಹೆಸರನ್ನೂ ಸೇರಿಸಿ ಸಹಿ ಹಾಕಿದ್ದೀಯ, ಸರಕಾರಿ ಕಾಗದದ ಹಾಗೆ. ಹಾಕು, ನನಗೆ ಅದು ತಕ್ಕದ್ದೇ.

ಇಸ್ಕ್ರಾ ಗಟ್ಟಿಮುಟ್ಟಾಗಿದ್ದಾಳೆ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ, ಸೀಟಿ ಊದಿ ಊದಿ ಮನೆಯಲ್ಲೂ ಹಾಗೇ ಮಾತಾಡುತ್ತಾಳೆ. ವಿಯೆನ್ನಾದಲ್ಲಿ ಆಪರೇಷನ್ ಮಾಡಿ ಹೊಲಿದ ಎದೆ ಇಪ್ಪತ್ತೇಳು ವರ್ಷವಾದರೂ ತಂಟೆ ಮಾಡಿಲ್ಲ. ಅಷ್ಟು ಸಿಟ್ಟಿನಲ್ಲೂ ಅವಳನ್ನು ವಿಚಾರಿಸಿದೆಯಲ್ಲ, ಯಾಕೆಂದು ನನಗೆ ತಿಳಿಯಲಿಲ್ಲ.

ನಿನ್ನ ತಾರೀಖುಗಳನ್ನು ನನ್ನ ತಾರೀಖುಗಳ ಪಕ್ಕದಲ್ಲಿಟ್ಟೆ. ಪೆಟ್ಟಿಗೆ ಮುಗಿದದ್ದು ಮಾರ್ಚ್ 18. ಮರುದಿನವೇ ನೀನು ಊರು ಬಿಟ್ಟೆ. ಬಟ್ಟೆ ಅಂಟಿಸಿದ್ದು ಅಕ್ಟೋಬರ್ 9. ನೀನು ಬಂದದ್ದು ಅದಕ್ಕೂ ಮೂರು ವಾರ ಆದ ಮೇಲೆ. ಆ ಏಳು ತಿಂಗಳು ಕೀಲಿ ಒಬ್ಬರ ಹತ್ತಿರ ಮಾತ್ರ ಇತ್ತು. ಆ ಹೆಸರನ್ನು ಬರೆಯಲು ಮೂರು ದಿನದಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ.

ಲಾಜರ್ ಮೇಸ್ತ್ರಿ.

ಬೇಲಿಯೇ ಎದ್ದು ಹೊಲ ಮೇಯ್ದಿತೇ, ನೆವೆನಾ? ಪುಟದ ಅಂಚಿನಲ್ಲಿ ಬೆರಳಿನ ಗುರುತು ಕಂಡರೆ ಇಡೀ ದಿನ ಊಟ ಬಿಡುತ್ತಿದ್ದ ಮನುಷ್ಯ!

ಆ ಅಕ್ಟೋಬರಿನ ದಿನ ನಾನು ಪೆಟ್ಟಿಗೆ ಎತ್ತಿಕೊಂಡು ಅಳುತ್ತ ಹೋದದ್ದು ಅವರ ಹತ್ತಿರಕ್ಕೇ. ಅವರು ನನ್ನ ಕೈಯಿಂದ ಅದನ್ನು ಇಸಿದುಕೊಂಡು, ಒಂದು ಸಲ ಅಲ್ಲಾಡಿಸಿ, ನಕ್ಕರು.

"ಇಷ್ಟಕ್ಕೆಲ್ಲ ಅಳ್ತಾರೇನೇ ಮಗಳೇ? ನೀನು ಅಳತೆ ತಗೊಂಡಿದ್ದು ಮಾರ್ಚಲ್ಲಿ. ತೇವಕ್ಕೆ ಚರ್ಮದ ಹಾಳೆ ಉಬ್ಬಿರುತ್ತೆ. ಬೇಸಿಗೆ ಕಳೀತು, ಇಳೀತು. ನನಗೇ ಎರಡು ಸಲ ಹೀಗಾಗಿದೆ."

"ಹಾಳೆ ತಿರುವಿ ನೋಡ್ಲಾ ಮೇಸ್ತ್ರಿ?"

"ಪೆಟ್ಟಿಗೆಗೆ ಹೋದ ಪುಸ್ತಕ ಎರಡು ವರ್ಷ ತೆರೀಬಾರದು ಅಂತ ನಾನೇ ಹೇಳಿ, ನಾನೇ ಮುರೀಲಾ? ಒಂದು ಪದರ ಬಟ್ಟೆ ಅಂಟಿಸು, ಸಾಕು. ನೀನೂ ಯಾರಿಗೂ ಹೇಳ್ಬೇಡ, ನಾನೂ ಹೇಳಲ್ಲ."

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ ದೇವರಂಥ ಮನುಷ್ಯ ಎಂದುಕೊಂಡೆ. ಆ ಚಳಿಗಾಲದಲ್ಲಿ ಅವರಿಗೆ ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟೆ. ನಗಬೇಡ. ಇಲ್ಲ, ನಗು.

ತೊಂಬತ್ಮೂರರಲ್ಲಿ ವಿಚಾರಣೆ ನಡೆದಾಗ, ತೊಂಬತ್ತೊಂದರ ನವೆಂಬರಿನಲ್ಲಿ ನಿನಗೆ ಕೀಲಿ ಕೊಡುವಾಗ ಹಾಳೆ ಹಾಳೆ ಎಣಿಸಿ ಕೊಟ್ಟೆ ಎಂದು ಅವರು ಬೈಬಲ್ ಮುಟ್ಟದೆಯೇ ಪ್ರಮಾಣ ಮಾಡಿದಷ್ಟು ಗಟ್ಟಿಯಾಗಿ ಹೇಳಿದರು. ನೀನು ಹೇಳಿದ್ದು ಒಂದೇ ಮಾತು: "ಕೀಲಿ ನನ್ನ ಹತ್ತಿರ ಇತ್ತು." ಇಲ್ಲ ಎನ್ನಲಿಲ್ಲ, ಅವರು ಎಣಿಸಲಿಲ್ಲ ಎನ್ನಲಿಲ್ಲ, ಅಳಲೂ ಇಲ್ಲ. ಯಾಕೆ? ತಪ್ಪು ಮಾಡದವಳು ಹಾಗೆ ಕೂರುತ್ತಾಳೆಯೇ ಎಂದು ನಾನು ಅಂದುಕೊಂಡೆ. ಅಂದುಕೊಂಡದ್ದನ್ನು ನಿನಗೆ ಹೇಳದೆ ಬೇರೆ ದಾರಿಯಿಲ್ಲ.

ಇನ್ನೊಂದು ವಿಷಯ. ಮೇಸ್ತ್ರಿ ತೀರಿಹೋಗಿ ಎಂಟು ವರ್ಷವಾಯಿತು. ಮೇ 24ಕ್ಕೆ, ಅಕ್ಷರದ ಹಬ್ಬದ ದಿನ, ಹೊಸ ಕಾರ್ಯಾಗಾರಕ್ಕೆ ಅವರ ಹೆಸರಿಡುತ್ತಾರೆ. ಮಾತಾಡಬೇಕಾದವಳು ನಾನು. ಈಗ "ಅವರು" ಎಂದು ಬರೆಯಲು ಹೋದರೆ ಪೆನ್ನು ತಡೆಯುತ್ತದೆ, "ಅವನು" ಎನ್ನಲು ನಾಲಿಗೆ ಏಳುವುದಿಲ್ಲ. ನನ್ನ ಲೆಕ್ಕವೇ ತಪ್ಪಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೇನೆ.

ರಾದ್ಕಾ


ದ್ರೆನೊವ್‌ಗ್ರಾದ್
29 ಏಪ್ರಿಲ್ 2019

ನೆವೆನಾ,

ನೀನು ಉತ್ತರ ಬರೆಯಲಿಲ್ಲ. ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಿನ್ನೆ ಈಸ್ಟರ್. ಪ್ರತಿ ವರ್ಷದ ಹಾಗೆ ಕೆಂಪು ಮೊಟ್ಟೆ ತೆಗೆದುಕೊಂಡು ಮೇಸ್ತ್ರಿಯ ಹೆಂಡತಿ ದೋನ್ಕಾಳ ಮನೆಗೆ ಹೋದೆ. ಎಂಬತ್ತನಾಲ್ಕು ಅವಳಿಗೆ, ಕಿವಿ ಮಂದ, ಬಾಯಿ ಮಾತ್ರ ಹರಿತ. ನಾನು ಯಾವಾಗಲೂ ಮುಂದಿನ ಕೋಣೆಯಲ್ಲೇ ಕೂರುತ್ತಿದ್ದವಳು. ಮೇಸ್ತ್ರಿ ಇದ್ದಾಗ ಅದರಾಚೆ ಯಾರನ್ನೂ ಬಿಡುತ್ತಿರಲಿಲ್ಲ. ನಿನ್ನೆ ಅವಳು "ಮಂಡಿ ನೋವು ಕಣೇ, ಅಡುಗೆಮನೆಗೇ ಬಾ" ಎಂದಳು.

ಒಲೆಯ ಪಕ್ಕ, ಈರುಳ್ಳಿ ಗೊಂಚಲಿನ ಕೆಳಗೆ, ಗಾಜು ಹಾಕಿದ ಒಂದು ಚಿತ್ರ. ದ್ರಾಕ್ಷಿ ತುಳಿಯುವ ಮೂವರು, ನೀಲಿ ಅಂಗಿಯ ಸಂತ, ಮೇಲೆ ಚಿನ್ನದ ಅಕ್ಷರ. ಎದ್ದು ಹತ್ತಿರಕ್ಕೆ ಹೋದೆ. ಸೆಪ್ಟೆಂಬರ್, ನೆವೆನಾ. ನಮ್ಮ ಸೆಪ್ಟೆಂಬರ್.

"ಇದೆಲ್ಲಿಂದ ಬಂತು ದೋನ್ಕಾ?"

"ಅದಾ? ಯಾವುದೋ ಕ್ಯಾಲೆಂಡರ್ ಹಾಳೆ. ಅಚ್ಚಿನದು. ವರ್ಷಪೂರ್ತಿ ಸೆಪ್ಟೆಂಬರೇ ನೇತಾಡ್ತಿದೆಯಲ್ಲೋ, ನಮ್ಮನೇಲಿ ಕ್ರಿಸ್‌ಮಸ್ ಬರೋದೇ ಬೇಡ್ವಾ ಅಂತ ನಾನು ಬೈತಿದ್ದೆ. ಅವನು ನಗ್ತಿದ್ದ. ಊಟಕ್ಕೆ ಕೂತ್ರೆ ಅದನ್ನೇ ನೋಡ್ಕೊಂಡು ಕೂರೋನು. ಹೆಂಡ್ತಿ ಮುಖ ಅಷ್ಟು ಹೊತ್ತು ನೋಡಿದ್ದಿಲ್ಲ."

ಚಿತ್ರ ಕೆಳಗಿಳಿಸಿ, ಹಿಂದಿನ ರಟ್ಟು ಬಿಡಿಸಿದೆ. ಒಳಗೆ ಚರ್ಮದ ಹಾಳೆ. ಎಡ ಅಂಚು ಕತ್ತಿಯಲ್ಲಿ ನೇರವಾಗಿ ಕೊಯ್ದದ್ದು. ಎಷ್ಟು ಚೆನ್ನಾಗಿ ಕೊಯ್ದಿದ್ದ ಗೊತ್ತೇ? ಒಂದು ಎಳೆ ಎದ್ದಿಲ್ಲ. ಹಾಗೆ ಕೊಯ್ಯಲು ನಮ್ಮಿಬ್ಬರಿಗೂ ಕಲಿಸಿದವನು ಅವನೇ.

ಅವಳಿಗೆ ಎಲ್ಲ ಹೇಳಿದೆ, ಕಿವಿಯ ಹತ್ತಿರ ಬಾಗಿ, ಎರಡೆರಡು ಸಲ. ಮೊದಲು "ಹುಚ್ಚು ಹಿಡಿದಿದೆ ನಿನಗೆ" ಎಂದಳು. ಆಮೇಲೆ ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದಳು. "ಇದರ ಕೆಳಗೆ ಕೂತು ದಿನಾ ಸೂಪು ಕುಡಿದೆನಲ್ಲೇ ರಾದ್ಕಾ" ಎಂದು ಅದನ್ನೇ ಹೇಳಿದಳು, ಹೇಳುತ್ತಲೇ ಇದ್ದಳು. ಉಳಿದ ಹನ್ನೊಂದರ ವಿಷಯ ಅವಳಿಗೇನೂ ಗೊತ್ತಿಲ್ಲ. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಹೊರಡುವಾಗ ನನ್ನ ಕೈ ಹಿಡಿದುಕೊಂಡಳು. "ನಾನು ಸತ್ತ ಮೇಲೆ ಹೇಳೇ. ಇನ್ನೆಷ್ಟು ದಿನ ಇರ್ತೀನಿ? ಬ್ರೆಡ್ಡು ತರೋಕೆ ಬೀದಿಗೆ ಹೋಗ್ಬೇಕು ನಾನು."

ನಾನು ಮಾತು ಕೊಡದೆ ಕೈ ಬಿಡಿಸಿಕೊಂಡೆ. ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಬರಲು ಮನಸ್ಸಾಗದೆ ಅಲ್ಲೇ ಬಿಟ್ಟು ಬಂದೆ. ಅವಳು ಸಾಯುವವರೆಗೆ ಕಾಯಲೇ? ಹೇಳು. ನೀನು ಹೇಳಿದ ಹಾಗೆ ಕೇಳುತ್ತೇನೆ.

ರಾದ್ಕಾ


ಬುರ್ಗಾಸ್
8 ಮೇ 2019

ರಾದ್ಕಾ,

ನೀನು ಯಾಕೆ ಎಂದು ಕೇಳಿದ್ದೆ. ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು. ಹೇಳುತ್ತೇನೆ, ನಿಂತು ಓದಬೇಡ, ಕೂತುಕೋ.

ತೊಂಬತ್ಮೂರರ ಏಪ್ರಿಲಿನಲ್ಲಿ ಪ್ರದರ್ಶನಕ್ಕೆಂದು ಆ ಪೆಟ್ಟಿಗೆ ತೆರೆದವಳು ನಾನು. ಪುಸ್ತಕ ಎತ್ತಿದೆ, ಕೆಳಗೆ ಹಸಿರು ಬಟ್ಟೆ. ಮೊದಲು ಅದು ಇರಲಿಲ್ಲ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಒಂದರೊಳಗೊಂದು ಕೂರಿಸಿದ ಕೆಲಸ. ಹಾಗೆ ಮಾಡುವವಳು ನಮ್ಮಲ್ಲಿ ನೀನೊಬ್ಬಳೇ. ಆಮೇಲೆ ಪುಸ್ತಕ ಬಿಡಿಸಿದೆ. ಹನ್ನೆರಡು ಕಡೆ ಬರೀ ಕೊಯ್ದ ಹಾಳೆಯ ಬುಡ.

ನಿನಗೆ ಹೊಳೆಯಿತೇ? ಹಾಳೆ ತೆಗೆದವರೇ ಸದ್ದು ಬಾರದ ಹಾಗೆ ಬಟ್ಟೆ ಹಾಕಿದ್ದಾರೆ ಎಂದು ನಾನು ತಿಳಿದೆ. ಅಂದರೆ ನೀನು.

ಹಿಂದಿನ ವರ್ಷ ತಾನೇ ಇಸ್ಕ್ರಾಳನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗಿ ಎದೆ ಹೊಲಿಸಿಕೊಂಡು ಬಂದಿದ್ದೆ. ಅಂಟು ಕಲಸುವವಳ ಸಂಬಳದಲ್ಲಿ ವಿಯೆನ್ನಾ! ಕೆನಡಾದಲ್ಲಿರುವ ಅಣ್ಣ ದುಡ್ಡು ಕಳಿಸಿದ ಎಂದಿದ್ದೆ ನೀನು. ಹದಿನೈದು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದ್ದೇವೆ, ಅಣ್ಣ ಎಂಬ ಒಬ್ಬನ ಹೆಸರು ನಿನ್ನ ಬಾಯಲ್ಲಿ ಒಂದು ದಿನವೂ ಬಂದಿರಲಿಲ್ಲ. ಗಡಿ ದಾಟಿ ಓಡಿಹೋದವರ ಹೆಸರು ಕಮ್ಯುನಿಸ್ಟರ ಆ ಕಾಲದಲ್ಲಿ ಯಾರೂ ಎತ್ತುತ್ತಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಆವತ್ತು ಹೊಳೆಯಲಿಲ್ಲ.

ಪುಸ್ತಕ ಕೈಯಲ್ಲಿ ಹಿಡಿದು ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿದೆ. ಹಾಳೆಗಳು ಹೋದವು, ಮಗು ಉಳಿಯಿತು. ನನಗೆ ಮಕ್ಕಳಿಲ್ಲ, ಯಾರನ್ನೂ ಸಾಕಬೇಕಾಗಿಲ್ಲ. ಕೀಲಿ ನನ್ನ ಹತ್ತಿರ ಇತ್ತು ಎಂದೆ. ಮೇಸ್ತ್ರಿ ನನಗೆ ಎಣಿಸಿ ಕೊಟ್ಟಿರಲಿಲ್ಲ. ಅವರು ಎಣಿಸಿದೆ ಎಂದಾಗ, ಪಾಪ, ಮುದುಕ ತನ್ನ ಮರ್ಯಾದೆ ಉಳಿಸಿಕೊಳ್ಳುತ್ತಿದ್ದಾನೆ ಎಂದು ಅದಕ್ಕೂ ಸುಮ್ಮನಿದ್ದೆ. ಬಾಯಿ ಬಿಟ್ಟರೆ ವಿಚಾರಣೆ ನಿನ್ನ ಮೇಜಿಗೆ ಬರುತ್ತಿತ್ತು.

ವಾರ ಕಳೆದ ಮೇಲೆ ಮಾರುಕಟ್ಟೆಯಲ್ಲಿ ನೀನು ನನ್ನನ್ನು ಕಂಡು ರಸ್ತೆ ದಾಟಿದೆ. ಯಾರಿಗೂ ಅನುಮಾನ ಬರಬಾರದೆಂದು ನಾಟಕ ಆಡುತ್ತಿದ್ದಾಳೆ, ಜಾಣೆ, ಎಂದುಕೊಂಡೆ. ಹೊಸ ವರ್ಷಕ್ಕೆ ಕಾಗದ ಬರಲಿಲ್ಲ, ಅದೂ ಎಚ್ಚರಿಕೆಯೇ ಎಂದುಕೊಂಡೆ. ಇಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ತೇವದಲ್ಲಿ ನಿಂತೆ, ಆ ಮಗು ಓಡಾಡಿಕೊಂಡಿದೆ ಎಂದುಕೊಂಡೇ ನಿಂತೆ. ನೀನು ನಿಜವಾಗಿಯೂ ನನ್ನನ್ನು ಕಳ್ಳಿ ಎಂದು ನಂಬಿಯೇ ರಸ್ತೆ ದಾಟಿದ್ದೆ ಎಂಬುದು ನನಗೆ ಗೊತ್ತಾದದ್ದು ಈ ವರ್ಷ ನಿನ್ನ ಕಾಗದಗಳಿಂದ. ಏಪ್ರಿಲಿನ ಮೊದಲ ಕಾಗದ ಓದಿ ಮುಗಿಸಿ ನಾನು ಸಮುದ್ರದ ದಂಡೆಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಜನ ತಿರುಗಿ ನೋಡಿದರು.

ನೀನು ಕದ್ದೆ ಎಂದು ತಿಳಿದೂ ನಾನು ನಿನ್ನ ಜೊತೆ ನಿಂತೆ. ನಾನು ಕದ್ದೆ ಎಂದು ತಿಳಿದು ನೀನು ಒಂದು ಮಾತೂ ಕೇಳಲಿಲ್ಲ.

ದೋನ್ಕಾ ಸಾಯುವವರೆಗೆ ಕಾಯಬೇಕೋ ಬೇಡವೋ ಎಂದು ನನ್ನನ್ನು ಕೇಳಬೇಡ. ನನ್ನ ಪರವಾಗಿ ಬಾಯಿ ಬಿಡಲು ಇನ್ನೊಬ್ಬಳ ಸಾವು ಬೇಕೇ ಎಂಬುದು ನೀನೇ ನೋಡಿಕೊಳ್ಳಬೇಕಾದದ್ದು.

ನೆವೆನಾ


ದ್ರೆನೊವ್‌ಗ್ರಾದ್
25 ಮೇ 2019

ನೆವೆನಾ,

ನಿನ್ನ ಕಾಗದವನ್ನು ಈ ಎರಡು ವಾರದಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇಸ್ಕ್ರಾಳಿಗೆ ಓದಿ ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಮ್ಮಾ, ಹಾಗಾದ್ರೆ ನನಗೋಸ್ಕರ ಕೆಲಸ ಕಳ್ಕೊಂಡ ಒಬ್ಬರು ಬದುಕಿದಾರೆ, ನೀನು ನನಗೆ ಅವರ ಹೆಸರೂ ಹೇಳಿರಲಿಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡದೆ ಎದ್ದು ಹೋದಳು.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ದೋನ್ಕಾಳ ಬಾಗಿಲಿಗೆ ಹೋಗಿ, "ನಾನು ಹೇಳ್ತೀನಿ ದೋನ್ಕಾ, ನೀನು ಬದುಕಿದ್ದಾಗಲೇ ಹೇಳ್ತೀನಿ" ಎಂದೆ. ಬಾಗಿಲು ಮುಖಕ್ಕೆ ಹಾಕಿದಳು. ಬಿಲ್ಯಾನಾಳಿಗೆ ಪೆಟ್ಟಿಗೆ, ಪೆನ್ಸಿಲಿನ ತಾರೀಖು, ನಿನ್ನ ತಾರೀಖು ಎಲ್ಲ ತೋರಿಸಿದೆ. ಬಿಳುಚಿಕೊಂಡಳು. "ಹಬ್ಬ ಮುಗೀಲಿ ರಾದ್ಕಾ, ಆಮೇಲೆ ನಿಧಾನವಾಗಿ ನೋಡೋಣ" ಎಂದಳು. ನಿಧಾನವೆಂದರೆ ಎಷ್ಟು ವರ್ಷ ಎಂದು ನಾನು ಕೇಳಲಿಲ್ಲ.

ನಿನ್ನೆ ಬ್ಯಾಂಡು ಬಂತು, ಹೂವು ಹಿಡಿದ ಶಾಲೆಯ ಮಕ್ಕಳು ಬಂದರು, ಅಂಗಳ ತುಂಬಿತು. ಹೆಸರಿನ ಫಲಕಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ನನ್ನನ್ನು ಕರೆಯುವ ಮುಂಚೆ ದೋನ್ಕಾಳ ಪಕ್ಕದ ಮನೆಯವಳು ಬಂದು ಮೇಜಿನ ಮೇಲೆ ಒಂದು ಗಂಟು ಇಟ್ಟು ಹೋದಳು. ಮೇಜುಹಾಸಿನಲ್ಲಿ ಸುತ್ತಿದ ಸೆಪ್ಟೆಂಬರ್. ಚೀಟಿ ಇಲ್ಲ, ಮಾತೂ ಇಲ್ಲ. ದೋನ್ಕಾಳ ಕುರ್ಚಿ ಖಾಲಿಯೇ ಇತ್ತು.

ಮೇಸ್ತ್ರಿ ಕೊಯ್ದ ಹಾಳೆಯನ್ನು ಎತ್ತಿ ತೋರಿಸಿ ಎಲ್ಲ ಹೇಳಿದೆ. ಅರ್ಧದಲ್ಲಿ ಮೇಯರ್ ಮೈಕು ಆರಿಸಿ, "ಅಜ್ಜಿಗೆ ಬಿಸಿಲು ಹತ್ತಿದೆ, ಯಾರಾದ್ರೂ ನೀರು ಕೊಡಿ" ಎಂದ.

"ಬಿಸಿಲು ಹತ್ತಿಲ್ಲ ಸ್ವಾಮಿ, ನಾಚಿಕೆ ಹತ್ತಿದೆ" ಎಂದು ಮೈಕಿಲ್ಲದೆಯೇ ಮುಂದುವರಿಸಿದೆ. ನಿನ್ನ ಹೆಸರನ್ನು ಪೂರ್ತಿಯಾಗಿ ಹೇಳಿದೆ, ನೆವೆನಾ ದ್ರಾಗೊಯೆವಾ, ಮೂರು ಸಲ. ಹಾಳೆ ಕೊಯ್ದವನು ಲಾಜರ್, ಅದನ್ನು ಬಟ್ಟೆ ಅಂಟಿಸಿ ಮುಚ್ಚಿದವಳು ನಾನು, ಆಮೇಲೆ ಅವಳನ್ನು ಒಂದು ಮಾತೂ ಕೇಳದೆ ಕಳ್ಳಿ ಎಂದು ನಂಬಿದವಳೂ ನಾನೇ ಎಂದೆ. ಅವನ ಹಳೆಯ ಶಿಷ್ಯನೊಬ್ಬ ನನ್ನ ಕಾಲ ಬುಡದಲ್ಲಿ ಉಗಿದು ಹೋದ. ಜನ ಗುಜುಗುಜು ಎಂದರು, ಕೆಲವರು ಎದ್ದು ಹೋದರು. ಫಲಕದ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ. ಸಂಜೆ ಬಿಲ್ಯಾನಾ ಬಂದು, ನಿನ್ನನ್ನು ತೆಗೆದುಹಾಕಿದ ಆದೇಶವನ್ನು ರದ್ದು ಮಾಡಿಸಲು ತಾನೇ ಬರೆಯುತ್ತೇನೆ ಎಂದಳು.

ಇಷ್ಟರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ನಾನು ಬುರ್ಗಾಸಿಗೆ ಬರಲೇ? ಬಾಗಿಲಲ್ಲಿ ನಿಲ್ಲಿಸಿ ಬೈದು ಕಳಿಸಿದರೂ ಆಗಲಿ.

ರಾದ್ಕಾ


ಬುರ್ಗಾಸ್
11 ಜೂನ್ 2019

ರಾದ್ಕಾ,

ಪತ್ರಿಕೆಯ ತುಣುಕನ್ನು ನನ್ನ ತಮ್ಮ ಕಳಿಸಿದ್ದಾನೆ. ನನ್ನ ಹೆಸರನ್ನು ತಪ್ಪಿಲ್ಲದೆ ಹಾಕಿದ್ದಾರೆ. ಅದನ್ನು ಕೆಳಗಿನ ಅಂಗಡಿಯವಳಿಗೆ ತೋರಿಸಿದೆ. "ನೀವು ಗ್ರಂಥಾಲಯದಲ್ಲಿದ್ರಾ? ಯಾವತ್ತೂ ಹೇಳಲೇ ಇಲ್ವಲ್ಲ!" ಎಂದಳು. ಮನೆಗೆ ಬಂದು ಬಹಳ ಹೊತ್ತು ಅತ್ತೆ.

ಸದ್ಯಕ್ಕೆ ಬರಬೇಡ. ಇಸ್ಕ್ರಾ ಬಂದರೆ ಬರಲಿ, ಅವಳನ್ನು ನೋಡಬೇಕು.

ನಿನಗೆ ಒಂದು ವಿಷಯ ಅರ್ಥವಾಗಬೇಕು. ಮಗಳಿಗಾಗಿ ಕದ್ದ ರಾದ್ಕಾಳನ್ನು ನಾನು ಎಂದೋ ಕ್ಷಮಿಸಿದ್ದೆ. ಅದೇನು ಒಂದು ದಿನದ ಕೆಲಸವಲ್ಲ, ಏಳೆಂಟು ವರ್ಷ ಹಿಡಿಯಿತು. ಈಗ ನೋಡಿದರೆ ಅಂಥ ರಾದ್ಕಾ ಇರಲೇ ಇಲ್ಲ. ಇದ್ದವಳು ಬೇರೆ ಒಬ್ಬಳು. ಅವಳನ್ನು ಮೊದಲಿನಿಂದ ಶುರುಮಾಡಿ ಕ್ಷಮಿಸಬೇಕು. ನನಗೆ ಎಪ್ಪತ್ತಾಯಿತು, ಎಡಗಡೆಯ ಶ್ವಾಸಕೋಶ ಅರ್ಧ ಮಾತ್ರ ಕೆಲಸ ಮಾಡುತ್ತಿದೆ. ಅಷ್ಟು ವರ್ಷ ಕೈಯಲ್ಲಿ ಇವೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಕಾಗದ ಬರೆಯುತ್ತಿರು. ಸಿಟ್ಟಿನಲ್ಲೇ ಉತ್ತರ ಬರೆಯುತ್ತೇನೆ, ಆದರೆ ಬರೆಯುತ್ತೇನೆ.

ನೆವೆನಾ